ಅತ್ತೆ ಹೊಸೆದ ಬತ್ತಿ

ಮೊದಲೇ ಹೇಳಿಬಿಡುತ್ತೇನೆ: ನಾನು ಬದುಕಿದ್ದೇನೆ. ಮನೆಯ ಮೆಟ್ಟಿಲು ಹತ್ತುತ್ತೇನೆ, ಹದಿನಾಲ್ಕು ಮೆಟ್ಟಿಲಿಗೆ ನಡುವೆ ಒಂದೇ ಸಲ ನಿಲ್ಲುತ್ತೇನೆ. ಹೋದ ಚಳಿಗಾಲದಲ್ಲಿ ಮೂರು ಸಲ ನಿಲ್ಲುತ್ತಿದ್ದೆ. ಇದನ್ನು ಬರೆಯುತ್ತಿರುವುದು ಯಾರಿಗೂ ಬುದ್ಧಿ ಹೇಳಲಿಕ್ಕಲ್ಲ, ಆ ಯೋಗ್ಯತೆ ನನಗಿಲ್ಲ. ಹೆಂಡತಿಗೆ ಗೊತ್ತಾಗದ ಹಾಗೆ ಗ್ಯಾರೇಜಿನಲ್ಲೋ ಕಾರಿನಲ್ಲೋ ಕೂತು ಹೊಗೆ ಎಳೆದು, ಕೆಮ್ಮು ಬಂದಾಗ ಅಲರ್ಜಿ ಎನ್ನುವವರು ನನ್ನ ಹಾಗೆ ಇನ್ನೂ ಇದ್ದಾರೆಂದು ಬಲ್ಲೆ. ಅವರಲ್ಲಿ ಒಬ್ಬನಾದರೂ ಡಾಕ್ಟರ ಮುಂದೆ ಬಾಯಿ ಬಿಟ್ಟರೆ ಸಾಕು.

ನನ್ನ ಕೆಲಸ ಅಳೆಯುವುದು. ಈ ಪರದೇಶದ ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಆ ತುಂಡಿಗೆ ಕೆಂಪು ಚೀಟಿ ಕಟ್ಟಿ ವಾಪಸ್ ಕಳಿಸುವವನು ನಾನೇ. ಮನೆ ಬಾತೆಲ್‌ನ ನಾರ್ತ್ ಕ್ರೀಕ್ ಕಡೆ. ಹೆಂಡತಿ ವೀಣಾ ಹತ್ತಿರದ ಕ್ಯಾನ್ಯನ್ ಪಾರ್ಕಿನಲ್ಲಿ ಒಂದು ಬಯೋಟೆಕ್ ಆಫೀಸಿಗೆ ಹೋಗುತ್ತಾಳೆ. ಮಗಳು ಇಳಾಗೆ ಹನ್ನೊಂದು ವರ್ಷ. ಮಾವ ತೀರಿಕೊಂಡ ಮೇಲೆ ಅತ್ತೆ ಚನ್ನರಾಯಪಟ್ಟಣದಿಂದ ಬಂದು ನಮ್ಮ ಜೊತೆಗೇ ಇದ್ದಾರೆ. ಗ್ಯಾರೇಜಿನಲ್ಲಿ ನನ್ನದೊಂದು ರಿಪೇರಿ ಮೇಜಿದೆ. ಸುತ್ತಮುತ್ತಲ ಕನ್ನಡದವರ ಮನೆಯಲ್ಲಿ ಮಿಕ್ಸಿ ಕೆಟ್ಟರೆ, ಗ್ರೈಂಡರ್ ನಿಂತರೆ 'ಸತೀಶ್ ಹತ್ರ ತಗೊಂಡ್ಹೋಗಿ' ಎನ್ನುವುದು ರೂಢಿ. ಹಾಗಾಗಿ ಸಂಜೆ ಒಂದು ಗಂಟೆ ನಾನು ಅಲ್ಲಿ ಬಾಗಿಲು ಹಾಕಿಕೊಂಡು ಕೂತರೆ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ. ಏನಾದರೂ ಸುಟ್ಟ ವಾಸನೆ ಬಂದರೆ ಯಾರದೋ ಮಿಕ್ಸಿಯ ಮೇಲೆ ಹಾಕಿದರಾಯಿತು.

ಸಿಗರೇಟು ಬಿಟ್ಟು ಏಳು ವರ್ಷವಾಗಿತ್ತು. ಅದನ್ನು ಬಿಡಿಸಿದ್ದು ವೇಪ್, ಅಂದರೆ ಬ್ಯಾಟರಿಯ ಸಿಗರೇಟು. ಮೂರು ವರ್ಷದ ಕೆಳಗೆ ಇಳಾ ಕಾರಿನ ಸೀಟಿನ ಸಂದಿಯಿಂದ ಅದನ್ನು ಹೆಕ್ಕಿ, "ಅಪ್ಪಾ, ಈಸ್ ದಿಸ್ ಎ ಪೆನ್ ಡ್ರೈವ್?" ಎಂದು ಕೇಳಿದಳು. ವೀಣಾ ಅದನ್ನು ಕಸಿದು ನನ್ನ ಕಣ್ಣೆದುರೇ ಕಸದ ಡಬ್ಬಿಗೆ ಹಾಕಿದಳು.

"ರೀ, ಇವಳ ತಲೆ ಮುಟ್ಟಿ ಹೇಳಿ."

ಮುಟ್ಟಿ ಹೇಳಿದೆ.

"ಇನ್ನೊಂದ್ಸಲ ಕಂಡ್ರೆ ನಾನು ಜಗಳ ಆಡಲ್ಲ. ಇವಳನ್ನ ಕರ್ಕೊಂಡು ಬೇರೆ ಮನೆ ನೋಡ್ಕೋತೀನಿ, ಅಷ್ಟೇ."

ವೀಣಾ ಬಾಯಿಮಾತಿಗೆ ಹೇಳುವವಳಲ್ಲ. ನಾನು ನಾಲ್ಕು ತಿಂಗಳು ತಡೆದೆ. ಐದನೆಯ ತಿಂಗಳು ಯಾರದೋ ಗ್ರೈಂಡರ್ ಬಿಚ್ಚಿಕೊಂಡು ಕೂತಿದ್ದವನು ಅದನ್ನು ಅರ್ಧಕ್ಕೇ ಬಿಟ್ಟು ಹೋಗಿ ಇನ್ನೊಂದು ತಂದೆ. ಥೂ, ನನ್ನ ಜನ್ಮಕ್ಕಿಷ್ಟು ಎಂದು ಬೈದುಕೊಂಡೇ ತಂದೆ.

ಈ ಸಲ ಅಂಗಡಿಯ ರೆಡಿಮೇಡ್ ಅಲ್ಲ, ನಾನೇ ಕಟ್ಟಿಕೊಳ್ಳುವಂಥದ್ದು. ವೇಪಿನ ತುದಿಯಲ್ಲಿ ಅಟೊಮೈಜರ್ ಎಂಬ ಪುಟ್ಟ ಲೋಹದ ಡಬ್ಬಿ ಇರುತ್ತದೆ. ಅದರೊಳಗೆ ಸಣ್ಣ ತಂತಿಯ ಸುರುಳಿ, ಸುರುಳಿಯೊಳಗೆ ಹತ್ತಿಯ ಬತ್ತಿ. ಬತ್ತಿ ನಿಕೋಟಿನ್ ದ್ರವ ಹೀರಿಕೊಳ್ಳುತ್ತದೆ, ತಂತಿ ಕಾಯುತ್ತದೆ, ಆವಿ ಏಳುತ್ತದೆ. ಒಂದೆರಡು ದಿನಕ್ಕೆ ಬತ್ತಿ ಕರಿಯಾಗುತ್ತದೆ, ಬದಲಾಯಿಸಬೇಕು. ತಂತಿ ಸುತ್ತುವುದು, ರೆಸಿಸ್ಟೆನ್ಸ್ ನೋಡುವುದು, ಸುರುಳಿ ನಡುವಿನಿಂದ ಹೊರಕ್ಕೆ ಸಮವಾಗಿ ಕೆಂಪಾಗುವ ತನಕ ಸರಿಪಡಿಸುವುದು, ಇವೆಲ್ಲ ನನಗೆ ಎಳೆಯುವುದಕ್ಕಿಂತ ಹೆಚ್ಚು ಖುಷಿ ಕೊಡುತ್ತಿತ್ತು ಎಂದರೆ ನಂಬುತ್ತೀರೋ ಇಲ್ಲವೋ. ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಪ್ರಸಾದ್, ಹಿಂದೂಪುರದವನು, ತೆಲುಗು ಮನೆಮಾತಾದರೂ ಕನ್ನಡ ಚೆನ್ನಾಗಿ ಬರುತ್ತದೆ, ತನ್ನದನ್ನೂ ನನ್ನ ಕೈಲೇ ರಿಪೇರಿ ಮಾಡಿಸುತ್ತಿದ್ದ. ನಾನು ಬಹಳ ಹುಷಾರಿನ ಮನುಷ್ಯ ಎಂದು ನನ್ನ ಬಗ್ಗೆ ನನಗೇ ಹೆಮ್ಮೆಯಿತ್ತು. ದ್ರವದಲ್ಲಿ ಎಣ್ಣೆಯಂಶ ಒಂದು ತೊಟ್ಟೂ ಇರಬಾರದು, ಎಣ್ಣೆಯ ಆವಿ ಶ್ವಾಸಕೋಶಕ್ಕೆ ಹೋದರೆ ಆಚೆ ಬರುವುದಿಲ್ಲ ಎಂಬುದು ಈ ಹುಚ್ಚಿನ ಮೊದಲ ಪಾಠ. ನಾನು ಪ್ರತಿ ಬಾಟಲಿಯ ಹಿಂದಿನ ಸಣ್ಣಕ್ಷರವನ್ನೂ ಕನ್ನಡಕ ಹಾಕಿಕೊಂಡು ಓದುತ್ತಿದ್ದೆ.

ಈಗ ಅತ್ತೆಯ ವಿಷಯಕ್ಕೆ ಬರುತ್ತೇನೆ. ಅವರು ಲಕ್ಷಬತ್ತಿಯ ಹರಕೆ ಹೊತ್ತಿದ್ದರು. ಒಂದು ಲಕ್ಷ ಹತ್ತಿಯ ಬತ್ತಿ ಕೈಯಾರೆ ಹೊಸೆದು, ತುಪ್ಪದಲ್ಲಿ ನೆನೆಸಿ, ದೇವರ ಮುಂದೆ ಹೊತ್ತಿಸುವುದು. ಮಗಳ ಅರಿಶಿನ ಕುಂಕುಮ ಗಟ್ಟಿಯಾಗಿರಲಿ ಎಂದು, ಅಂದರೆ ನಾನು ನೂರು ಕಾಲ ಬಾಳಲಿ ಎಂದು. ಊರಿನಿಂದ ತಂದ ಹತ್ತಿಯಲ್ಲಿ ಬೀಜ ಬಿಡಿಸಿ, ಊಟದ ಮೇಜಿನ ಹತ್ತಿರ ಕಿಟಕಿಗೆ ಮುಖ ಮಾಡಿ ಕೂತು, ದಿನಕ್ಕೆ ಇನ್ನೂರು ಮುನ್ನೂರು ಹೊಸೆಯುತ್ತಿದ್ದರು. ನೂರಕ್ಕೊಂದು ಕಟ್ಟು ಮಾಡಿ ಸ್ಟೀಲ್ ಡಬ್ಬಿಗೆ ತುಂಬಿ ದೇವರ ಗೂಡಿನ ಕೆಳಗಿಡುತ್ತಿದ್ದರು.

ಸೆಪ್ಟೆಂಬರಿನ ಒಂದು ಸಂಜೆ ನನ್ನ ಹತ್ತಿ ಮುಗಿದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆಯ ಡಬ್ಬಿಯಿಂದ ಎರಡು ಬತ್ತಿ ತೆಗೆದು ಗ್ಯಾರೇಜಿಗೆ ಹೋಗಿ ಕ್ಯಾಲಿಪರ್‌ನಲ್ಲಿ ದಪ್ಪ ಅಳೆದೆ. ಮೂರು ಮಿಲಿಮೀಟರ್. ಇನ್ನೊಂದೂ ಮೂರು ಮಿಲಿಮೀಟರ್. ಅಬ್ಬಾ ಎಂದುಕೊಂಡೆ. ಬ್ಲೀಚ್ ಮಾಡದ ಹತ್ತಿ, ಮಧ್ಯೆ ಗಂಟಿಲ್ಲ, ಸಿಕ್ಕಿಲ್ಲ, ಸುರುಳಿಯೊಳಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಅವತ್ತಿನಿಂದ ನಾನು ಅಂಗಡಿಯ ಹತ್ತಿ ತರಲೇ ಇಲ್ಲ. ದೇವರ ಬತ್ತಿ ಕದಿಯುತ್ತಿದ್ದೇನೆ ಎಂದು ನಾಚಿಕೆಯೇನೋ ಆಗುತ್ತಿತ್ತು, ಆದರೆ ಲಕ್ಷದಲ್ಲಿ ಒಂದೆರಡು ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯ ಅದಕ್ಕಿಂತ ದೊಡ್ಡದಿತ್ತು.

ಅಕ್ಟೋಬರಿನಲ್ಲಿ ಒಂದು ದಿನ ಊಟದ ಬಿಡುವಿನಲ್ಲಿ ಪ್ರಸಾದ್ ಹೇಳಿದ, "ಗುರೂ, ಈ ಸಲ ಏನ್ ಹಾಕಿದ್ಯಾ? ಬೂಂದಿ ಲಡ್ಡು ವಾಸನೆ ಬರ್ತಿದೆ ನನ್ನ ಮಷಿನ್‌ನಲ್ಲಿ."

"ವೆನಿಲ್ಲಾ ಕಣೋ, ನಿನಗೆ ಹಸಿವು" ಎಂದು ನಕ್ಕೆ. ನನಗೂ ಆ ತಿಂಗಳು ರುಚಿ ತುಂಬಿಕೊಂಡ ಹಾಗೆ, ನುಣ್ಣಗೆ ಅನಿಸಿತ್ತು. ನನ್ನ ಕೈಚಳಕ ಎಂದುಕೊಂಡಿದ್ದೆ.

ಕೆಮ್ಮು ಶುರುವಾಗಿದ್ದು ಅದೇ ತಿಂಗಳ ಕೊನೆಗೆ. ಮೊದಲು ಒಣಕೆಮ್ಮು, ಆಮೇಲೆ ಸಂಜೆ ಸಂಜೆ ಜ್ವರ. ಕೆಂಟ್‌ನಿಂದ ಮನೆಗೆ ಬರುವ ದಾರಿಯಲ್ಲಿ ಟ್ರಾಫಿಕ್ಕಿನಲ್ಲಿ ನಿಂತಾಗ ಸುಮ್ಮನೆ ಕೂತಲ್ಲೇ ಏದುಸಿರು ಬರುತ್ತಿತ್ತು. ಅತ್ತೆ ಮೆಣಸಿನ ಕಷಾಯ ಮಾಡಿದರು, ಎದೆಗೆ ಕರ್ಪೂರದ ಎಣ್ಣೆ ತಿಕ್ಕಿಕೊಳ್ಳಿ ಎಂದು ಕೊಟ್ಟರು. ಮೂಗಿಗೆ ಎರಡೆರಡು ತೊಟ್ಟು ಬೆಚ್ಚನೆಯ ತುಪ್ಪ ಬಿಡಿಸಿಕೊಳ್ಳಿ, ಕಟ್ಟಿದ್ದು ಬಿಡುತ್ತೆ ಎಂದರು. ಐದು ದಿನ ಕೈ ತಾಕದ ಹಾಗೆ ಚಮಚದಿಂದ ಬಿಟ್ಟರು. ಕಟ್ಟಿದ್ದು ಬಿಡಲಿಲ್ಲ. ಎರಡು ಸಲ ಕ್ಲಿನಿಕ್ಕಿಗೆ ಹೋಗಿ ಎರಡು ಬಗೆಯ ಆಂಟಿಬಯಾಟಿಕ್ ನುಂಗಿದೆ. ಒಂದು ಸಂಜೆ ಸೋಫಾದ ಮೇಲೆ ಪಕ್ಕದಲ್ಲಿ ಕೂತಿದ್ದ ಇಳಾ ನನ್ನ ಎದೆಗೆ ಕಿವಿಯಿಟ್ಟು, "ಅಪ್ಪಾ, ಯು ಸೌಂಡ್ ಲೈಕ್ ಅವರ್ ಫಿಶ್ ಟ್ಯಾಂಕ್" ಎಂದಳು. ಅವಳು ನಗುತ್ತಾಳೆಂದು ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಆಸ್ಪತ್ರೆ ಸೇರಿದೆ. ಅದಕ್ಕೆ ಮುಂಚೆ ವೇಟಿಂಗ್ ರೂಮಿನಲ್ಲಿ ನಾಲ್ಕು ಗಂಟೆ ಕೂತದ್ದು ನನಗೆ ಆಸ್ಪತ್ರೆಗಿಂತ ಚೆನ್ನಾಗಿ ನೆನಪಿದೆ. ಎದುರಿನ ಕುರ್ಚಿಯಲ್ಲಿ ಒಬ್ಬ ಮುದುಕ ಆಕ್ಸಿಜನ್ ಸಿಲಿಂಡರ್ ಪಕ್ಕಕ್ಕಿಟ್ಟುಕೊಂಡು ಪದಬಂಧ ತುಂಬುತ್ತಿದ್ದ. ನಾನು ಅವನ ಮೂಗಿನ ನಳಿಕೆಯನ್ನೇ ನೋಡುತ್ತಿದ್ದೆ. ದೇವರೇ, ಅದೊಂದು ಬೇಡ ಎಂದುಕೊಂಡೆ. ನಾನು ದೇವರೇ ಎನ್ನುವ ಪೈಕಿಯವನಲ್ಲ, ಹಬ್ಬದ ದಿನವೂ ಕೈಮುಗಿಯಲು ವೀಣಾ ಮೊಣಕೈಯಲ್ಲಿ ತಿವಿಯಬೇಕು. ಕಾಗದ ತುಂಬುವಾಗ ಒಂದು ಪ್ರಶ್ನೆ ಇತ್ತು: ಸಿಗರೇಟು, ವೇಪ್, ಬೇರೆ ಏನಾದರೂ? ಪೆನ್ನು ವೀಣಾಳ ಕೈಯಲ್ಲಿತ್ತು. ಅವಳು ನನ್ನನ್ನು ಕೇಳಲೂ ಇಲ್ಲ. 'ಇಲ್ಲ' ಎಂದು ಟಿಕ್ ಹಾಕಿ, ನನ್ನ ಕೈ ಹಿಡಿದುಕೊಂಡಳು. ಅವಳ ಆ ನಂಬಿಕೆ ಕಂಡು ನನಗೆ ಅಲ್ಲೇ ಸತ್ತು ಹೋದರೆ ಚೆನ್ನ ಅನಿಸಿತು.

ಒಳಗೆ ಡಾಕ್ಟರು, ನರೆಗೂದಲನ್ನು ಗಿಡ್ಡ ಕತ್ತರಿಸಿಕೊಂಡಿದ್ದ ಹೆಂಗಸು, ಅದನ್ನೇ ಮತ್ತೆ ಬಾಯಲ್ಲಿ ಕೇಳಿದರು. ವೀಣಾ ಪಕ್ಕದಲ್ಲೇ ಇದ್ದಳು. "ಇಲ್ಲ" ಎಂದೆ. ಅಷ್ಟು ಸಲೀಸಾಗಿ ಬಂತು ಆ ಮಾತು.

ಬಾಯಿಯಿಂದ ನಳಿಕೆ ಇಳಿಸಿ, ಶ್ವಾಸಕೋಶ ತೊಳೆದು, ಆ ನೀರನ್ನು ಪರೀಕ್ಷೆಗೆ ಕಳಿಸಿದರು. ಎರಡು ದಿನದ ಮೇಲೆ ಡಾಕ್ಟರು ಬಂದು ಹಾಸಿಗೆಯ ಅಂಚಿನಲ್ಲಿ ಕೂತರು. ನಿಮ್ಮ ಶ್ವಾಸಕೋಶದ ಜೀವಕೋಶಗಳೊಳಗೆ ಕೊಬ್ಬು ಸಿಕ್ಕಿದೆ, ಇದು ಸೋಂಕಲ್ಲ, ಯಾವುದೋ ಎಣ್ಣೆ ಹೊರಗಿನಿಂದ ಒಳಗೆ ಹೋಗಿದೆ, ಮೂಗಿಗೆ ಎಣ್ಣೆ ಹಾಕುವ ಅಭ್ಯಾಸವಿದೆಯೇ ಎಂದರು.

ಅತ್ತೆ ಮೂಲೆಯ ಕುರ್ಚಿಯಲ್ಲಿದ್ದರು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೇ, ಆದರೆ ವೀಣಾ ತಟ್ಟನೆ ಅವರ ಕಡೆ ತಿರುಗಿದ ರೀತಿ ಅರ್ಥವಾಯಿತು.

"ಅಮ್ಮಾ, ಎಷ್ಟು ದಿನ ಹಾಕ್ದೆ ಮೂಗಿಗೆ ತುಪ್ಪ?"

"ಐದು ದಿನ ಕಣೇ. ಎರಡೇ ತೊಟ್ಟು. ನಿಮ್ಮಪ್ಪಂಗೂ ಹಾಕ್ತಿದ್ದೆನಲ್ಲೇ..."

"ಅದು ಲಂಗ್ಸ್‌ಗೆ ಹೋಗಿದೆಯಂತೆ! ಇವ್ರು ಸಾಯೋ ಹಾಗಾಗಿದ್ದು ಅದ್ರಿಂದ!"

ಅತ್ತೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು. "ಅಯ್ಯೋ ನನ್ನ ಕೈ ಸೇದಿಹೋಗ" ಎಂದು ಒಂದೇ ಮಾತು ಆಡಿದರು.

ನಾನು ಸುಮ್ಮನಿದ್ದೆ. ಇದನ್ನು ಬರೆಯಲಿಕ್ಕೇ ನನಗೆ ಇಷ್ಟು ತಿಂಗಳು ಬೇಕಾಯಿತು. ನನಗಾಗ ಬತ್ತಿಯ ವಿಷಯ ಗೊತ್ತಿರಲಿಲ್ಲ, ನಿಜ. ತುಪ್ಪದ ತೊಟ್ಟಿನಿಂದಲೇ ಆಗಿರಬಹುದು ಎಂದು ನಾನೂ ಅರ್ಧ ನಂಬಿದೆ. ಆದರೆ ಐದು ದಿನದ ತುಪ್ಪಕ್ಕೂ ಮೊದಲೇ ಕೆಮ್ಮು ಬಂದಿತ್ತು ಎಂದು ನನಗೆ ಗೊತ್ತಿತ್ತು. ದಿನಾ ಎದೆಯೊಳಗೆ ಆವಿ ಎಳೆಯುವವನು ನಾನು ಎಂದೂ ಗೊತ್ತಿತ್ತು. ಹೇಳಿದರೆ ವೀಣಾ ಹೋಗುತ್ತಾಳೆ, ಇಳಾ ಹೋಗುತ್ತಾಳೆ. ಹೇಳದಿದ್ದರೆ ಅತ್ತೆ ಅಳುತ್ತಾರೆ, ಅಷ್ಟೇ ತಾನೆ. ನಾನು ಅತ್ತೆಯನ್ನು ಅಳಲು ಬಿಟ್ಟೆ.

ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನ ವೇಪ್ ಇರಲಿಲ್ಲ. ಸ್ಟೀರಾಯ್ಡ್ ಕೊಟ್ಟರು, ಉಸಿರು ಸ್ವಲ್ಪ ತಿರುಗಿತು, ಮನೆಗೆ ಕಳಿಸಿದರು. ಮನೆಯಲ್ಲಿ ವೀಣಾ ಅಡುಗೆಮನೆಯ ತುಪ್ಪವನ್ನೆಲ್ಲ ಎಸೆದಿದ್ದಳು. ಅಮ್ಮನ ಜೊತೆ ಬೇಕಾದಷ್ಟಕ್ಕೆ ಮಾತ್ರ ಮಾತು. ಅತ್ತೆ ನನ್ನ ಕೋಣೆಯ ಒಳಗೆ ಬರುತ್ತಿರಲಿಲ್ಲ, ಗಂಜಿಯ ಬಟ್ಟಲನ್ನು ಬಾಗಿಲ ಹತ್ತಿರದ ಸ್ಟೂಲಿನ ಮೇಲಿಟ್ಟು, "ಇಟ್ಟಿದೀನಿ" ಎಂದಷ್ಟೇ ಹೇಳಿ ಹೋಗುತ್ತಿದ್ದರು. ಮನೆಗೆ ಬಂದ ಎಂಟನೆಯ ದಿನ ನಾನು ಗೋಡೆ ಹಿಡಿದುಕೊಂಡು ಗ್ಯಾರೇಜಿಗೆ ಹೋದೆ. ಎರಡೇ ಎರಡು ಸಲ ಎಳೆಯುತ್ತೇನೆ ಎಂದುಕೊಂಡೆ. ಹತ್ತು ಸಲ ಎಳೆದೆ. ಮಾರನೆಯ ದಿನ ಬತ್ತಿಯನ್ನೂ ಬದಲಾಯಿಸಿದೆ. ಅತ್ತೆಯ ಡಬ್ಬಿಯಲ್ಲಿ ಮೇಲೇ ಇದ್ದವು, ತೆಗೆದುಕೊಳ್ಳಲು ಸುಲಭವಾಗಿ.

ಜನವರಿಯ ಹೊತ್ತಿಗೆ ಹಲ್ಲುಜ್ಜಲು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಮಾತಿನ ಮಧ್ಯೆ ಉಸಿರು ಮುಗಿದು ವಾಕ್ಯ ಅಲ್ಲೇ ಬಿಟ್ಟುಬಿಡುತ್ತಿದ್ದೆ. ಮತ್ತೆ ಸ್ಕ್ಯಾನ್ ಮಾಡಿದರು. ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಿ, ಇಷ್ಟು ಹೊತ್ತಿಗೆ ಇದು ಕಡಿಮೆಯಾಗಬೇಕಿತ್ತು, ಹೆಚ್ಚಾಗಿದೆ, ಏನೋ ಇನ್ನೂ ಒಳಗೆ ಹೋಗುತ್ತಲೇ ಇದೆ ಎಂದರು. ಹೀಗೇ ಆದರೆ ಈ ಭಾಗ ಗಾಯ ಕಟ್ಟಿ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಮತ್ತೆ ಶ್ವಾಸಕೋಶವಾಗುವುದಿಲ್ಲ, ಇನ್ನೊಂದು ತಿಂಗಳು ಹೀಗೆ ಹೋದರೆ ನಾನು ಬೇರೆ ಮಾತು ಆಡಬೇಕಾಗುತ್ತದೆ ಎಂದರು. ಬೇರೆ ಮಾತು ಏನೆಂದು ಇಬ್ಬರೂ ಕೇಳಲಿಲ್ಲ.

ವೀಣಾ ಮನೆಗೆ ಬಂದವಳೇ ಅತ್ತೆಯ ಮುಂದೆ ನಿಂತಳು.

"ಅಮ್ಮಾ, ನಿಜ ಹೇಳು. ನಾನು ಆಫೀಸಿಗೆ ಹೋದಾಗ ಇವ್ರಿಗೆ ಇನ್ನೂ ಏನಾದ್ರೂ ಹಾಕ್ತಿದೀಯಾ?"

"ಇಲ್ಲ ಕಣೇ, ನನ್ನಾಣೆ. ನಾನು ಅವರ ರೂಮಿಗೇ ಹೋಗಲ್ಲ. ಬೇಕಾದ್ರೆ ಅವರನ್ನೇ ಕೇಳು."

ವೀಣಾ ನನ್ನ ಕಡೆ ನೋಡಿದಳು. ಇಬ್ಬರೂ ನನ್ನ ಕಡೆ ನೋಡಿದರು. "ಇಲ್ಲ, ಅತ್ತೆ ಏನೂ ಹಾಕಿಲ್ಲ" ಎಂದೆ. ನಾನು ಹೇಳಿದ ಆ ಒಂದೇ ಒಂದು ನಿಜ ಅವಳಿಗೆ ದಾಕ್ಷಿಣ್ಯದ ಮಾತಿನ ಹಾಗೆ ಕೇಳಿಸಿತು. ಅಮ್ಮನನ್ನು ಬೆಂಗಳೂರಿನಲ್ಲಿರುವ ಅಣ್ಣನ ಮನೆಗೆ ಕಳಿಸುವುದೆಂದು ಅವತ್ತೇ ಟಿಕೆಟ್ ಮಾಡಿಸಿದಳು. ಅತ್ತೆ ತಕರಾರು ಮಾಡಲಿಲ್ಲ. "ಸರಿ ಬಿಡು. ನಾನಿಲ್ದೇ ಇದ್ರೆ ಅವ್ರು ಗುಣ ಆಗೋದಾದ್ರೆ ಹೋಗ್ತೀನಿ" ಎಂದರು.

ಹೊರಡಲು ಎರಡು ದಿನವಿತ್ತು. ಮಧ್ಯಾಹ್ನ. ವೀಣಾ ಆಫೀಸಿನಲ್ಲಿ, ಇಳಾ ಸ್ಕೂಲಿನಲ್ಲಿ. ನಾನು ನೀರಿಗೆಂದು ಮೆಟ್ಟಿಲನ್ನು ಕೂತು ಕೂತು ಇಳಿದು ಬಂದೆ. ಅತ್ತೆ ಕಿಟಕಿಯ ಹತ್ತಿರ ಬತ್ತಿ ಹೊಸೆಯುತ್ತಿದ್ದರು. ಸೂಟ್‌ಕೇಸ್ ಆಗಲೇ ಬಾಗಿಲ ಹತ್ತಿರ ನಿಂತಿತ್ತು. ನಾನು ಎದುರಿನ ಕುರ್ಚಿಯಲ್ಲಿ ಕೂತೆ. ಅವರು ಹತ್ತಿಯ ಎಳೆ ಎಳೆದರು, ಪಕ್ಕದಲ್ಲಿದ್ದ ಪುಟ್ಟ ಬೆಳ್ಳಿ ಬಟ್ಟಲಿಗೆ ತೋರುಬೆರಳು ಮುಟ್ಟಿಸಿದರು, ಆ ಬೆರಳನ್ನು ಹೆಬ್ಬೆರಳಿಗೆ ಸವರಿಕೊಂಡು ಬತ್ತಿ ಹೊಸೆದರು. ಮತ್ತೆ ಎಳೆ, ಮತ್ತೆ ಬಟ್ಟಲು, ಮತ್ತೆ ಬತ್ತಿ.

"ಅತ್ತೆ, ಅದೇನು ಬಟ್ಟಲಲ್ಲಿ? ವಿಭೂತೀನಾ?"

ನಮ್ಮ ಕಡೆ ಬತ್ತಿ ಹೊಸೆಯುವಾಗ ಹಿಡಿತಕ್ಕೆ ಬೆರಳಿಗೆ ವಿಭೂತಿಯನ್ನೋ ಒಂದು ತೊಟ್ಟು ಹಾಲನ್ನೋ ಸವರಿಕೊಳ್ಳುತ್ತಾರೆ. ಚಿಕ್ಕಂದಿನಿಂದ ನೋಡಿದ್ದು.

"ವಿಭೂತಿ ಮುಗಿದು ಎಷ್ಟು ಕಾಲ ಆಯ್ತು, ಸೆಪ್ಟೆಂಬರಿಂದ ಇಲ್ಲ. ಹಾಲು ಹಾಕಿದ್ರೆ ಡಬ್ಬೀಲಿ ಹುಳಿ ವಾಸನೆ. ಬರೀ ಕೈಲಿ ಹೊಸೆದ್ರೆ ನಿಮ್ಮ ಹೀಟರ್ ಗಾಳಿಗೆ ಹತ್ತಿ ಹಾರಾಡುತ್ತೆ. ಅದಕ್ಕೇ ಚೂರೇ ಚೂರು ತುಪ್ಪ. ಹೇಗಿದ್ರೂ ತುಪ್ಪದಲ್ಲೇ ಅದ್ದಬೇಕಲ್ಲ ಕೊನೇಗೆ." ಆಮೇಲೆ ಗಾಬರಿಯಾಗಿ ಬಟ್ಟಲನ್ನು ಸೆರಗಿನಿಂದ ಮುಚ್ಚಿದರು. "ಇದು ದೇವರದ್ದು ಅಳಿಯಂದ್ರೆ, ನಿಮ್ಮ ಊಟಕ್ಕೆ ಒಂದು ಹನೀನೂ ಹಾಕಿಲ್ಲ, ನನ್ನಾಣೆ ಇದೆ. ವೀಣಂಗೆ ಹೇಳಬೇಡಿ."

ನಾನು ಒಂದು ಬತ್ತಿ ತೆಗೆದುಕೊಂಡು ಮೇಜಿನ ಮೇಲಿದ್ದ ಪೇಪರ್ ಟವೆಲಿನ ಮೇಲೆ ಬೆರಳಲ್ಲಿ ಒತ್ತಿದೆ. ಕಾಗದದ ಮೇಲೆ ಒಂದು ಸಣ್ಣ ಜಿಡ್ಡಿನ ಗೆರೆ ಮೂಡಿತು. ಇಷ್ಟೇ. ಇಷ್ಟು ಮಾಡಲು ಎರಡು ಸೆಕೆಂಡು ಸಾಕಿತ್ತು. ಕಾರ್ಖಾನೆಯಲ್ಲಿ ಯಾರ ಮಾತನ್ನೂ ನಂಬದವನು ನಾನು, ಅತ್ತೆಯ ಕೈಯಿಂದ ಬಂದದ್ದರ ದಪ್ಪ ಅಳೆದು ಅಷ್ಟಕ್ಕೇ ಬಿಟ್ಟಿದ್ದೆ. ನನ್ನ ತಲೆಯಲ್ಲಿ ಲಡ್ಡು ಎನ್ನುತ್ತಿದ್ದ ಪ್ರಸಾದನ ದನಿ ಕೇಳಿಸಿತು.

ಹೇಳಿಬಿಟ್ಟೆ. ಒಂದೇ ಉಸಿರಿಗೆ ಹೇಳುವಷ್ಟು ಉಸಿರು ಇರಲಿಲ್ಲ, ನಿಂತು ನಿಂತು ಹೇಳಿದೆ. ವೇಪ್ ಬಿಟ್ಟಿಲ್ಲ ಅತ್ತೆ. ಗ್ಯಾರೇಜಲ್ಲಿ ಮಾಡ್ಕೋತೀನಿ. ನಿಮ್ಮ ಬತ್ತಿ ಕದ್ದು ಅದಕ್ಕೆ ಹಾಕ್ತಿದ್ದೆ. ಮೂಗಿನ ತುಪ್ಪ ಅಲ್ಲ. ನಿಮ್ಮ ತಪ್ಪಲ್ಲ. ನಂಗೆ ಗೊತ್ತಿತ್ತು ನಿಮ್ಮ ತಪ್ಪಲ್ಲ ಅಂತ, ಸುಮ್ನಿದ್ದೆ.

ಅತ್ತೆ ಕೈಯಲ್ಲಿದ್ದ ಹತ್ತಿಯನ್ನು ಮೇಜಿನ ಮೇಲಿಟ್ಟರು.

"ನೂರ ಮೂವತ್ತೆಂಟು" ಎಂದರು.

"ಏನು?"

"ನೀವು ತಗೊಂಡಿದ್ದು. ದಿನಾ ಎಣಿಸಿ ಇಡ್ತೀನಲ್ಲ, ಗೊತ್ತಾಗದೆ ಇರುತ್ತಾ? ಇಲಿ ಇಲ್ಲ, ಮಗು ಮುಟ್ಟಲ್ಲ. ಒಂದಿನ ನೀವು ತಗೊಂಡು ಗ್ಯಾರೇಜಿಗೆ ಹೋಗಿದ್ದು ನೋಡಿದೆ. ಅಳಿಯನ್ನ ಹೇಗೆ ಕೇಳೋದು." ಅವರು ಬತ್ತಿಯ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. "ಯಾರಿಗೂ ಹೇಳ್ದೆ ಅಲ್ಲಿ ದೀಪ ಹಚ್ತೀರ ಅಂದ್ಕೊಂಡೆ. ನಾಚ್ಕೆ ಪಟ್ಕೊಳ್ಳೋ ಸ್ವಭಾವ, ಪಾಪ, ಅಂತ. ಕಾಯಿಲೆ ಬಿದ್ಮೇಲೂ ಹೋಗಿ ಹಚ್ತಿದಾರೆ ಅಂತ ನಂಗೆಷ್ಟು ಸಂತೋಷ ಆಯ್ತು ಗೊತ್ತಾ. ಅದಕ್ಕೇ ಒಳ್ಳೊಳ್ಳೇದನ್ನ ಆರಿಸಿ ಮೇಲಿಡ್ತಿದ್ದೆ."

ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅಳಲೂ ಉಸಿರು ಬೇಕು, ಅದೂ ಅರ್ಧಕ್ಕೆ ಕೆಮ್ಮಾಯಿತು. ಅವರು ಎದ್ದು ಬಂದು ಬೆನ್ನು ನೀವಿದರು. ಮದುವೆಯಾಗಿ ಹದಿನಾರು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಸಂಜೆ ವೀಣಾಗೆ ಹೇಳಿದೆ. ಅತ್ತೆ ತಾವೇ ಹೇಳುತ್ತೇನೆ ಎಂದರು, ನಾನು ಬೇಡವೆಂದೆ. ಅವಳು ಕೂಗಾಡಲಿಲ್ಲ. ಗ್ಯಾರೇಜಿಗೆ ಹೋಗಿ ನನ್ನ ತಂತಿ, ಡಬ್ಬಿ, ಬಾಟಲಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿದಳು. ಎಸೆಯಲಿಲ್ಲ. "ಇದು ಡಾಕ್ಟರಿಗೆ ಬೇಕಾಗತ್ತೆ" ಎಂದಳು. ಕಾರಿನಲ್ಲಿ ಸ್ಟೀರಿಂಗ್ ಹಿಡಿದುಕೊಂಡು ಮುಂದೆ ನೋಡುತ್ತಲೇ ಹೇಳಿದಳು, "ನಾನು ನನ್ನ ಅಮ್ಮನ್ನ ಮನೆಯಿಂದ ಕಳಿಸ್ತಿದ್ದೆ ಕಣ್ರೀ. ನಿಮ್ಮ ಕಣ್ಣೆದುರಿಗೆ. ನೋಡ್ಕೊಂಡಿದ್ರಿ."

"ವೀಣಾ..."

"ಮಾತಾಡ್ಬೇಡಿ. ಉಸಿರು ಉಳಿಸ್ಕೊಳ್ಳಿ. ಬಿಟ್ಟು ಹೋಗೋದೇ ಆದ್ರೂ ನೀವು ನೆಟ್ಟಗೆ ಉಸಿರಾಡೋ ಹಾಗಾದ ಮೇಲೆ ಹೋಗ್ತೀನಿ. ಆಗ ಯೋಚ್ನೆ ಮಾಡ್ತೀನಿ."

ಡಾಕ್ಟರು ಚೀಲದೊಳಗೆ ಕೈಹಾಕಿ, ನಾನು ಅದರಲ್ಲಿ ಸೇರಿಸಿದ್ದ ಪೇಪರ್ ಟವೆಲಿನ ಜಿಡ್ಡಿನ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ. ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲಿಂದಲೇ ಪ್ರಸಾದನಿಗೆ ಫೋನ್ ಮಾಡಿದೆ, ಅವನ ವೇಪಿಗೂ ಇದೇ ಬತ್ತಿ ಹಾಕಿಕೊಟ್ಟಿದ್ದೆ. ನನ್ನ ಜೀವನದಲ್ಲಿ ಅಷ್ಟು ಹೆದರಿ ಯಾರಿಗೂ ಫೋನ್ ಮಾಡಿದವನಲ್ಲ. ಅವನು ಆ ವೇಪನ್ನು ನವೆಂಬರಿನಲ್ಲೇ ಡ್ರಾಯರಿಗೆ ಹಾಕಿಬಿಟ್ಟಿದ್ದ. "ಲಡ್ಡು ವಾಸನೆಗೆ ಅಮ್ಮ ನೆನಪಾಗ್ತಿದ್ಲು ಗುರೂ, ಎಳೆಯೋಕೆ ಮನಸ್ಸು ಬರ್ಲಿಲ್ಲ" ಎಂದ. ಅವನ ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ಆ ಸುದ್ದಿ ಬಂದ ದಿನ ನಾನು ಮೊದಲ ಸಲ ತಟ್ಟೆ ತುಂಬ ಅನ್ನ ತಿಂದೆ.

ಮತ್ತೆ ಎರಡು ವಾರ ಆಸ್ಪತ್ರೆ. ಅದರಲ್ಲಿ ನಾಲ್ಕು ದಿನ ನನಗೆ ನೆನಪಿಲ್ಲ, ವೀಣಾಗೆ ಒಂದೊಂದು ಗಂಟೆಯೂ ನೆನಪಿದೆ, ಅವಳು ಅದನ್ನು ಹೇಳುವುದಿಲ್ಲ. ಅತ್ತೆಯ ಟಿಕೆಟ್ ರದ್ದಾಯಿತು. ನಾನು ಮನೆಗೆ ಬಂದಾಗ ನನ್ನ ಹಿಂದೆಯೇ ಆಕ್ಸಿಜನ್ ಮಷಿನ್ನೂ ಬಂತು. ವೇಟಿಂಗ್ ರೂಮಿನಲ್ಲಿ ಅದೊಂದು ಬೇಡ ಎಂದಿದ್ದೆನಲ್ಲ, ಅದೇ. ಅದನ್ನು ಜೋಡಿಸಲು ಬಂದವನು ಮುಂಬಾಗಿಲಿಗೆ ಒಂದು ಸ್ಟಿಕ್ಕರ್ ಅಂಟಿಸಿ, ಈ ಮನೆಯಲ್ಲಿ ಇನ್ನು ಮೇಣದಬತ್ತಿ, ಕಡ್ಡಿ, ಯಾವ ಬೆಂಕಿಯೂ ಕೂಡದು ಎಂದು ಖಡಾಖಂಡಿತವಾಗಿ ಹೇಳಿದ. ಇಳಾ ಅಜ್ಜಿಗೆ ಅದನ್ನು ಕೈಸನ್ನೆ ಮಾಡಿ ವಿವರಿಸಿದಳು, "ನೋ ದೀಪ, ಅಜ್ಜಿ. ನೋ ದೀಪ ಅಟ್ ಆಲ್."

ಅತ್ತೆ ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಸೂತಕದ ದಿನ ಬಿಟ್ಟರೆ ದೀಪ ತಪ್ಪಿಸಿದವರಲ್ಲ. ಮಾರನೆಯ ಬೆಳಿಗ್ಗೆ ನೋಡಿದರೆ ದೇವರ ಮುಂದೆ ಬ್ಯಾಟರಿಯ ಪುಟ್ಟ ದೀಪ ಮಿಣುಕುತ್ತಿತ್ತು, ಪಕ್ಕದಲ್ಲಿ ಹಿತ್ತಾಳೆಯ ದೀಪದಲ್ಲಿ ಒಂದು ಒಣಬತ್ತಿ. ಹಚ್ಚದ ಆ ಬತ್ತಿಗೇ ಕೈಮುಗಿದು ಸಂಜೆ ತೆಗೆದಿಡುತ್ತಿದ್ದರು. ಐದು ತಿಂಗಳು ಹೀಗೆ ನಡೆಯಿತು. ನಾನು ದಿನಾ ನೋಡಿದೆ. ಚಟ ಬಿಡಿಸುವ ನಿಕೋಟಿನ್ ಪಟ್ಟಿ ತೋಳಿಗೆ ಅಂಟಿಸಿಕೊಂಡು, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು, ಅವರ ಎದುರು ಕೂತು ನೂರ ಮೂವತ್ತೆಂಟು ಬತ್ತಿ ಹೊಸೆದುಕೊಟ್ಟೆ. ಒಂದರ ದಪ್ಪ ಎರಡು ಮಿಲಿಮೀಟರ್, ಇನ್ನೊಂದರದು ಐದು. ಅತ್ತೆ ಒಂದೊಂದನ್ನೂ ಎತ್ತಿ ನೋಡಿ, "ಇದು ಸಡ್ಲ, ಮತ್ತೆ ಹೊಸೀರಿ" ಎಂದು ವಾಪಸ್ ಕೊಡುತ್ತಿದ್ದರು.

ಕೆಲವು ದಿನ ಇನ್ನು ಸಾಕು ಅನಿಸುತ್ತಿತ್ತು. ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ, ಪ್ಯಾಂಟು ಹಾಕಿಸಲು ಹೆಂಡತಿ. ಅವಳ ಮುಖದಲ್ಲಿ ಸಿಟ್ಟಿಲ್ಲ, ಪ್ರೀತಿಯೂ ಕಾಣದು. ರಾತ್ರಿ ಬೆಳಗಾಗುವುದೇ ಬೇಡ ಎಂದು ಬೇಡಿಕೊಂಡದ್ದೂ ಇದೆ. ಇದನ್ನು ಮುಚ್ಚಿಟ್ಟರೆ ಬರೆದು ಏನು ಪ್ರಯೋಜನ. ನಿಮಗೂ ಹಾಗೆ ಅನಿಸಿದ್ದರೆ ನೀವೊಬ್ಬರೇ ಅಲ್ಲ.

ಜೂನ್ ಕೊನೆಗೆ ಡಾಕ್ಟರು ಬಲಗಡೆಯ ಕೆಳಭಾಗ ಹೋಯಿತು, ಅದು ಬರುವುದಿಲ್ಲ, ಉಳಿದದ್ದು ನಿಮ್ಮನ್ನು ಸಾಕುತ್ತದೆ ಎಂದರು. ಮಷಿನ್ ತೆಗೆದುಕೊಂಡು ಹೋಗಲು ಅದೇ ಮನುಷ್ಯ ಬಂದ. ಬಾಗಿಲಿನ ಸ್ಟಿಕ್ಕರನ್ನು ಇಳಾ ಉಗುರಿನಿಂದ ಕೆರೆದು ಕಿತ್ತಳು. ಅತ್ತೆ ಆಗಲೇ ಮಡಿಯುಟ್ಟು ದೇವರ ಮುಂದೆ ನಿಂತಿದ್ದರು. ಹಿತ್ತಾಳೆ ದೀಪ ಹುಣಸೆಹಣ್ಣಿನಲ್ಲಿ ತಿಕ್ಕಿ ಥಳಥಳ ಮಾಡಿದ್ದರು. ಹೊಸದಾಗಿ ತಂದ ತುಪ್ಪ ಹಾಕಿ, ಬತ್ತಿ ಇಟ್ಟು, ಬೆಂಕಿಪೊಟ್ಟಣ ನನ್ನ ಕೈಗೆ ಕೊಟ್ಟರು.

"ನೀವೇ ಹಚ್ಚಿ. ನೀವು ಹಚ್ತೀರ ಅಂತ ಎಷ್ಟು ದಿನದಿಂದ ಕಾದಿದೀನಿ."

ಕಡ್ಡಿ ಗೀರಿದೆ. ಬತ್ತಿ ಹೊತ್ತಿಕೊಂಡಿತು. ತುಪ್ಪ ಕಾದು ಅದರ ವಾಸನೆ ಎದ್ದಿತು. ಆ ಕ್ಷಣ ನನ್ನ ಬಾಯಲ್ಲಿ ನೀರೂರಿತು, ಬೆರಳು ತಾನಾಗಿ ಮಡಿಚಿಕೊಂಡಿತು, ಎದೆಯೊಳಗೆ ಉಳಿದಿರುವ ಅಷ್ಟೂ ಶ್ವಾಸಕೋಶ ಆ ಹೊಗೆಗೆ ಹಾತೊರೆಯಿತು. ಅದೇ ವಾಸನೆ. ನನ್ನ ಕೈಚಳಕ ಎಂದುಕೊಂಡು ಮೂರ್ನಾಲ್ಕು ತಿಂಗಳು ಎಳೆದದ್ದು. ಬಗ್ಗಿ ಅಲ್ಲೇ ಒಂದು ಸಲ ಎಳೆದುಬಿಡೋಣ ಅನಿಸಿತು, ದೇವರ ಮುಂದೆ, ಅವರೆಲ್ಲರ ಮುಂದೆ.

ಹಿಂದಿನ ಸತೀಶನಾಗಿದ್ದರೆ ಕೈಮುಗಿದು ಪಕ್ಕಕ್ಕೆ ಸರಿಯುತ್ತಿದ್ದ.

"ವೀಣಾ" ಎಂದೆ. "ಈ ವಾಸನೆಗೆ ನಂಗೆ ಈಗ ಎಳೀಬೇಕು ಅನ್ನಿಸ್ತಿದೆ. ತುಂಬಾ ಅನ್ನಿಸ್ತಿದೆ."

ಇಳಾ ಅಮ್ಮನ ಮುಖ ನೋಡಿದಳು. ನನ್ನ ಕಿವಿಯಲ್ಲಿ ನನ್ನದೇ ಉಸಿರು ಕೇಳಿಸುತ್ತಿತ್ತು. ವೀಣಾ ಬಂದು ನನ್ನ ಕೈ ಹಿಡಿದು ಸೋಫಾದ ಮೇಲೆ ಕೂರಿಸಿದಳು, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಸಿಕ್ಕಿಸಿದಳು, ಪಕ್ಕದಲ್ಲೇ ಕೂತು ಅಂಕಿ ಏರುವುದನ್ನು ನೋಡತೊಡಗಿದಳು. ಕೈ ಬಿಡಲಿಲ್ಲ.

ಅತ್ತೆ ದೀಪವನ್ನು ಹೂವಿನಿಂದ ಶಾಂತ ಮಾಡಿ, ಅದರಲ್ಲಿದ್ದ ತುಪ್ಪವನ್ನು ಬಟ್ಟಲಿಗೆ ಬಗ್ಗಿಸಿಕೊಂಡು ಅಡುಗೆಮನೆಯ ಕಡೆ ನಡೆದರು.

"ಅದಕ್ಯಾಕೆ ಅಷ್ಟು ಯೋಚ್ನೆ? ಇವತ್ತಿಂದ ಮನೇಲಿ ಎಳ್ಳೆಣ್ಣೆ ದೀಪ" ಎಂದರು ಒಳಗಿನಿಂದ. "ಲಕ್ಷಬತ್ತಿ ದೇವಸ್ಥಾನದಲ್ಲಿ ಹಚ್ಚೋಣ. ನೀವು ಕಾರಲ್ಲೇ ಕೂತಿರಿ, ಕಿಟಕಿ ಏರಿಸ್ಕೊಂಡು. ನಿಮ್ಮ ಪಾಲಿನ ನೂರ ಮೂವತ್ತೆಂಟನ್ನ ನಾನೇ ಹಚ್ಚಿ ಬರ್ತೀನಿ."